ನಾಲಿಗೆ ಹೇಳುವ ಲೆಕ್ಕ, ಡಬ್ಬಿ ಹೇಳುವ ಲೆಕ್ಕ



ಈ ತಿಂಗಳ ಅಂಕಣವನ್ನು ನನ್ನದೇ ಒಂದು ತಪ್ಪು ಲೆಕ್ಕದಿಂದ ಆರಂಭಿಸುತ್ತೇನೆ. ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿದೆಯೆಂದು ತಿಳಿದು, ಗುಳಿಗೆ ಶುರುಮಾಡಿ ಮೂರು ತಿಂಗಳಾಗಿತ್ತು. ಎರಡನೆಯ ತಪಾಸಣೆಗೆಂದು ಸೊಲ್ಲಾಪುರಕ್ಕೆ ಹೋದಾಗ ದವಾಖಾನೆಯಲ್ಲಿ ಎರಡು ಪುಟದ ಅಚ್ಚಿನ ಪ್ರಶ್ನಾವಳಿ ಕೈಗೆ ಕೊಟ್ಟರು. ದಿನಕ್ಕೆ ಎಷ್ಟು ಚಮಚ ಎಣ್ಣೆ, ಎಷ್ಟು ತುಪ್ಪ, ವಾರಕ್ಕೆ ಎಷ್ಟು ಸಲ ಕರಿದ ತಿಂಡಿ, ಹಾಲು ಯಾವುದು, ಎಷ್ಟು ಎಂದೆಲ್ಲ ಕೇಳಿತ್ತು. ಐದೇ ನಿಮಿಷದಲ್ಲಿ ತುಂಬಿ ಕೊಟ್ಟೆ. ಡಾಕ್ಟರು ಅದನ್ನೂ ರಕ್ತದ ರಿಪೋರ್ಟನ್ನೂ ಎದುರುಬದುರು ಇಟ್ಟು ನೋಡಿದರು.

“ಅಣ್ಣಾರ, ದಿನಕ್ಕ ಮೂರ ಚಮಚ ಎಣ್ಣಿ ಅಂತ ಬರದೀರಿ. ಖರೇ ಏನ್ರಿ?”

“ಹೌದ್ರಿ ಸಾಹೇಬ್ರ. ನಮ್ಮ ಮನ್ಯಾಗ ಎಣ್ಣಿ ಭಾಳ ಕಡಿಮಿ.”

“ಹಂಗಿದ್ರ ಪಥ್ಯದಿಂದ ಇನ್ನ ಇಳಿಯೂದು ಏನೂ ಉಳದಿಲ್ಲ. ಗುಳಿಗಿ ಜಾಸ್ತಿ ಮಾಡಬೇಕಾಗ್ತದ.”

ಪಕ್ಕದಲ್ಲಿ ಕುಳಿತಿದ್ದ ನಮ್ಮ ಮನೆಯವರು ಆಗ ಬಾಯಿಬಿಟ್ಟರು. “ಸಾಹೇಬ್ರ, ಡಬ್ಬಿ ತರೂದು ಇವರು. ತಗದು ಹಾಕೂದು ನಾನು. ಎಷ್ಟು ಹೋಗ್ತದ ಅಂತ ಇವರಿಗೇನ್ ಗೊತ್ತ್ರಿ?”

ಡಾಕ್ಟರು ನಕ್ಕರು. ಗುಳಿಗೆಯನ್ನು ಇದ್ದಷ್ಟೇ ಇಟ್ಟು, ಹದಿನೈದು ದಿನದಲ್ಲಿ ಖರೇ ಲೆಕ್ಕ ತರಲು ಹೇಳಿದರು. ನಲವತ್ತು ವರ್ಷ ಅಂಗಡಿಯಲ್ಲಿ ಕುಳಿತು, ಒಂದು ರೂಪಾಯಿ ಹೆಚ್ಚುಕಡಿಮೆಯಾದರೆ ಕಿರ್ದಿ ಮುಚ್ಚದೆ ಇದ್ದವನು ನಾನು. ನನ್ನ ಹೊಟ್ಟೆಗೆ ಹೋಗುವ ಎಣ್ಣೆಯ ಲೆಕ್ಕ ಮಾತ್ರ ಗೊತ್ತಿರಲಿಲ್ಲ. ನಾನು ಬೇಕೆಂದು ಸುಳ್ಳು ಹೇಳಿರಲಿಲ್ಲ, ಆದರೆ ನನ್ನ ಮಾತು ಸುಳ್ಳಾಗಿತ್ತು. ಆ ಮಾತಿನ ಮೇಲೆ ಒಂದು ಔಷಧದ ಪ್ರಮಾಣವೇ ಬದಲಾಗುವುದರಲ್ಲಿತ್ತು.

ಇದು ನನ್ನೊಬ್ಬನ ಕಥೆಯಲ್ಲ. ಯಾರು ಎಷ್ಟು ಜಿಡ್ಡು ತಿನ್ನುತ್ತಾರೆ, ಅದರಿಂದ ಯಾವ ರೋಗ ಬರುತ್ತದೆ, ಬರುವುದಿಲ್ಲ ಎಂದು ಜಗತ್ತಿನ ವಿಜ್ಞಾನಿಗಳು ಹೇಳುವ ಬಹುಪಾಲು ಮಾತುಗಳಿಗೆ ಇಂಥ ಪ್ರಶ್ನಾವಳಿಗಳೇ ಆಧಾರ. ಹಾಗಿದ್ದರೆ ಆ ಪ್ರಶ್ನಾವಳಿಯನ್ನು ಎಷ್ಟು ನಂಬಬೇಕು? ಅದನ್ನು ತೂಗಿ ನೋಡಿದವರು ಯಾರು?

ಕೇಳುವ ಮೂರು ಬಗೆ

ಜನ ಏನು ತಿನ್ನುತ್ತಾರೆಂದು ತಿಳಿಯಲು ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು, ನಿನ್ನೆ ಬೆಳಗಿನಿಂದ ಇಂದು ಬೆಳಗಿನವರೆಗೆ ತಿಂದದ್ದನ್ನೆಲ್ಲ ನೆನಪಿಸಿ ಹೇಳಿಸುವುದು. ಇದಕ್ಕೆ ಇಪ್ಪತ್ನಾಲ್ಕು ಗಂಟೆಯ ನೆನಪಿನ ವಿಧಾನ ಎನ್ನುತ್ತಾರೆ. ಎರಡನೆಯದು, ತಿಂದದ್ದನ್ನು ಆಗಿಂದಾಗ ತೂಗಿ ಡೈರಿಯಲ್ಲಿ ಬರೆಸುವುದು. ಮೂರನೆಯದು, ತಿನಿಸುಗಳ ಪಟ್ಟಿ ಕೊಟ್ಟು ‘ಕಳೆದ ಒಂದು ವರ್ಷದಲ್ಲಿ ಇದನ್ನು ಎಷ್ಟು ಸಲ ತಿಂದಿರಿ’ ಎಂದು ಗುರುತು ಹಾಕಿಸುವುದು. ನನ್ನ ಕೈಗೆ ಬಂದದ್ದು ಈ ಮೂರನೆಯದರ ತಮ್ಮ.

ನಿನ್ನೆಯ ಊಟ ನೆನಪಿರುತ್ತದೆ, ಆದರೆ ನಿನ್ನೆಯ ದಿನ ಎಲ್ಲ ದಿನಗಳಂತೆ ಇರಬೇಕೆಂದಿಲ್ಲ. ತೂಗಿ ಬರೆಯುವುದು ಕರಾರುವಾಕ್ಕು, ಆದರೆ ಬರೆಯುವ ಬೇಸರಕ್ಕೇ ಮನುಷ್ಯ ತಿನ್ನುವುದನ್ನು ಬದಲಿಸುತ್ತಾನೆ. ಪಟ್ಟಿಗೆ ಗುರುತು ಹಾಕುವುದು ಅಗ್ಗ, ಅಂಚೆಯಲ್ಲಿ ಲಕ್ಷ ಜನರಿಗೆ ಕಳಿಸಬಹುದು. ಆದ್ದರಿಂದಲೇ ದೊಡ್ಡ ಅಧ್ಯಯನಗಳೆಲ್ಲ ಹೆಚ್ಚಾಗಿ ಅದನ್ನೇ ಹಿಡಿದವು.

ತಕ್ಕಡಿಯನ್ನೇ ತೂಗಿದವರು

ಅಮೆರಿಕದಲ್ಲಿ 1976ರಲ್ಲಿ 1,21,700 ಮಹಿಳಾ ನರ್ಸುಗಳನ್ನು ಸೇರಿಸಿಕೊಂಡು ಒಂದು ದೊಡ್ಡ ಆರೋಗ್ಯ ಅಧ್ಯಯನ ಆರಂಭವಾಯಿತು. 1980ರಲ್ಲಿ ಅವರಿಗೆ 61 ತಿನಿಸುಗಳ ಪಟ್ಟಿಯ ಪ್ರಶ್ನಾವಳಿ ಕಳಿಸಲಾಯಿತು. ಇದನ್ನು ಸಿದ್ಧಪಡಿಸಿದವರಲ್ಲಿ ಪ್ರಮುಖರು ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ವಿಲೆಟ್. ಉತ್ತರಗಳನ್ನು ಕಣ್ಣುಮುಚ್ಚಿ ನಂಬದೆ ಅವರು ಒಂದು ಒಳ್ಳೆಯ ಕೆಲಸ ಮಾಡಿದರು. 173 ನರ್ಸುಗಳಿಂದ ವರ್ಷದಲ್ಲಿ ನಾಲ್ಕು ಸಲ, ಒಂದೊಂದು ವಾರದಂತೆ, ತಿಂದದ್ದನ್ನೆಲ್ಲ ತೂಗಿ ಬರೆಸಿದರು. ಆ 28 ದಿನಗಳ ಬರಹವನ್ನೂ ಅದೇ ನರ್ಸುಗಳು ತುಂಬಿದ ಪ್ರಶ್ನಾವಳಿಯನ್ನೂ ಹೋಲಿಸಿ 1985ರಲ್ಲಿ ಪ್ರಕಟಿಸಿದರು. ತೂಕ-ಅಳತೆಯ ಇನ್ಸ್‌ಪೆಕ್ಟರು ಬಂದು ನಮ್ಮ ತಕ್ಕಡಿಯಲ್ಲಿ ಮುದ್ರೆಯ ಕಲ್ಲು ಇಟ್ಟು ನೋಡುತ್ತಾರಲ್ಲ, ಹಾಗೆ.

ಏನು ಕಂಡಿತು? ಒಂದು ಪೋಷಕಾಂಶವನ್ನು ಕಡಿಮೆ ತಿನ್ನುವವರಿಂದ ಹೆಚ್ಚು ತಿನ್ನುವವರವರೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಸಾಲನ್ನು ಐದು ಸಮ ಗುಂಪು ಮಾಡಿ. ತೂಗಿದ ಡೈರಿಯ ಪ್ರಕಾರ ಎಲ್ಲಕ್ಕಿಂತ ಕೆಳಗಿನ ಗುಂಪಿನಲ್ಲಿದ್ದವರ ಪೈಕಿ ಪ್ರಶ್ನಾವಳಿಯ ಪ್ರಕಾರವೂ ಅದೇ ಗುಂಪಿಗೆ ಬಂದವರು, ಎಲ್ಲ ಪೋಷಕಾಂಶಗಳ ಸರಾಸರಿ ತೆಗೆದರೆ, ನೂರಕ್ಕೆ 48. ಕೆಳಗಿನ ಎರಡು ಗುಂಪುಗಳನ್ನು ಸೇರಿಸಿದರೆ ನೂರಕ್ಕೆ 74. ಉಳಿದ 26 ಜನ ಬೇರೆಲ್ಲೋ ಹೋಗಿ ನಿಂತಿದ್ದರು.

ಇದರಿಂದ ಎರಡು ಮಾತು ತಿಳಿಯುತ್ತವೆ. ಯಾರು ಹೆಚ್ಚು, ಯಾರು ಕಡಿಮೆ ಎಂದು ಒಂದು ಮಟ್ಟಿಗೆ ಸಾಲು ನಿಲ್ಲಿಸಲು ಪ್ರಶ್ನಾವಳಿ ಉಪಯೋಗಕ್ಕೆ ಬರುತ್ತದೆ. ಆದರೆ ಒಬ್ಬ ವ್ಯಕ್ತಿ ನಿಜವಾಗಿ ಎಷ್ಟು ಗ್ರಾಂ ತಿಂದ ಎಂದು ಹೇಳಲು ಅದು ಸಾಲದು. ಸಾವಿರಾರು ಜನರ ಅಧ್ಯಯನಕ್ಕೆ ನಡೆಯುವ ತಕ್ಕಡಿ ಒಬ್ಬ ರೋಗಿಯ ಗುಳಿಗೆ ನಿರ್ಧರಿಸಲು ನಡೆಯಬೇಕೆಂದಿಲ್ಲ.

ಎರಡೂ ತಕ್ಕಡಿ ಒಂದೇ ಅಂಗಡಿಯವು

ಚಾಣಾಕ್ಷ ಓದುಗರು ಇಲ್ಲಿ ಒಂದು ತಕರಾರು ತೆಗೆಯಬಹುದು. ಡೈರಿ ಬರೆದವರೂ ಅವರೇ, ಪ್ರಶ್ನಾವಳಿ ತುಂಬಿದವರೂ ಅವರೇ. ಎರಡರಲ್ಲೂ ಒಂದೇ ರೀತಿ ಕಡಿಮೆ ಹೇಳಿದ್ದರೆ? ಒಂದೇ ಅಂಗಡಿಯ ಎರಡು ತಕ್ಕಡಿಗಳನ್ನು ಪರಸ್ಪರ ಹೋಲಿಸಿದರೆ ಮೋಸ ಹೇಗೆ ಸಿಕ್ಕೀತು? ಹೊರಗಿನ ಮುದ್ರೆಯ ಕಲ್ಲೇ ಬೇಕು.

ಅಂಥ ಒಂದು ಕಲ್ಲು ಸಿಕ್ಕಿತು. ನೀರಿನಲ್ಲಿ ಜಲಜನಕ, ಆಮ್ಲಜನಕ ಎರಡಿವೆಯಷ್ಟೆ. ಎರಡರಲ್ಲೂ ಸ್ವಲ್ಪ ಭಾರವಾದ, ಆದರೆ ಅಪಾಯವಿಲ್ಲದ ಬಗೆಯವು ಇರುವ ನೀರನ್ನು ಒಂದು ಲೋಟ ಕುಡಿಸುತ್ತಾರೆ. ಭಾರದ ಜಲಜನಕ ದೇಹದಿಂದ ನೀರಾಗಿ ಮಾತ್ರ ಹೊರಹೋಗುತ್ತದೆ. ಭಾರದ ಆಮ್ಲಜನಕ ನೀರಾಗಿಯೂ ಹೋಗುತ್ತದೆ, ಉಸಿರಿನ ಇಂಗಾಲಾಮ್ಲದ ಜೊತೆಗೂ ಹೋಗುತ್ತದೆ. ಸುಮಾರು ಎರಡು ವಾರ ಮೂತ್ರ ಪರೀಕ್ಷಿಸಿ ಎರಡರ ವ್ಯತ್ಯಾಸ ತೆಗೆದರೆ ದೇಹ ಎಷ್ಟು ಇಂಗಾಲಾಮ್ಲ ಬಿಟ್ಟಿತು, ಅಂದರೆ ಎಷ್ಟು ಕ್ಯಾಲರಿ ಖರ್ಚು ಮಾಡಿತು ಎಂದು ಗೊತ್ತಾಗುತ್ತದೆ. ಮನುಷ್ಯನ ತೂಕ ಏರದೆ ಇಳಿಯದೆ ಇದ್ದರೆ ಖರ್ಚಿನಷ್ಟೇ ಜಮೆಯೂ ಇರಬೇಕು. ಮನುಷ್ಯರ ಮೇಲೆ ಈ ವಿಧಾನ 1982ರಲ್ಲಿ ಬಳಕೆಗೆ ಬಂತು. ಇದಕ್ಕೆ ನಾಲಿಗೆಯ ಸಾಕ್ಷಿ ಬೇಕಿಲ್ಲ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1999–2000ರಲ್ಲಿ 40ರಿಂದ 69 ವಯಸ್ಸಿನ 484 ಸ್ತ್ರೀಪುರುಷರ ಮೇಲೆ ಈ ಕಲ್ಲು ಇಟ್ಟು ನೋಡಿತು. ಪ್ರಶ್ನಾವಳಿಯಲ್ಲಿ ಗಂಡಸರು ಹೇಳಿದ್ದು ನಿಜಕ್ಕಿಂತ ನೂರಕ್ಕೆ 31ರಿಂದ 36ರಷ್ಟು ಕಡಿಮೆ, ಹೆಂಗಸರು ಹೇಳಿದ್ದು 34ರಿಂದ 38ರಷ್ಟು ಕಡಿಮೆ. ನಿನ್ನೆಯ ಊಟ ನೆನಪಿಸಿ ಹೇಳಿದಾಗ ಕೊರತೆ ಸಣ್ಣದು: ಗಂಡಸರಲ್ಲಿ 12ರಿಂದ 14, ಹೆಂಗಸರಲ್ಲಿ 16ರಿಂದ 20. ಅಂದರೆ ಪಟ್ಟಿಯ ಪ್ರಶ್ನಾವಳಿಯಲ್ಲಿ ತಿಂದದ್ದರ ಮೂರನೆಯ ಒಂದು ಪಾಲು ಲೆಕ್ಕಕ್ಕೇ ಬಂದಿರಲಿಲ್ಲ.

ಅದಕ್ಕೂ ಮೊದಲು 1992ರಲ್ಲಿ, ‘ನಾವು ತೀರ ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ’ ಎನ್ನುತ್ತಿದ್ದ ಹತ್ತು ಜನರನ್ನು ನ್ಯೂಯಾರ್ಕಿನ ವೈದ್ಯರು ಇದೇ ವಿಧಾನದಿಂದ ಪರೀಕ್ಷಿಸಿದ್ದರು. ಅವರು ತಿಂದದ್ದನ್ನು ಸರಾಸರಿ ನೂರಕ್ಕೆ 47ರಷ್ಟು ಕಡಿಮೆ ಹೇಳಿದ್ದರು, ಮಾಡಿದ ದೈಹಿಕ ಶ್ರಮವನ್ನು 51ರಷ್ಟು ಹೆಚ್ಚು ಹೇಳಿದ್ದರು.

ಜಿಡ್ಡಿಗೆ ಮುದ್ರೆಯ ಕಲ್ಲಿಲ್ಲ

ಕ್ಯಾಲರಿಗೆ ಈ ಭಾರದ ನೀರು ಇದೆ. ಪ್ರೋಟೀನಿಗೆ ಮೂತ್ರದ ಸಾರಜನಕ ಇದೆ, ತಿಂದ ಪ್ರೋಟೀನಿನ ಸಾರಜನಕದ ಹೆಚ್ಚಿನ ಪಾಲು ಅದರಲ್ಲೇ ಹೊರಬರುತ್ತದೆ. ಆದರೆ ತಿಂದ ಒಟ್ಟು ಜಿಡ್ಡಿಗೆ ಇಂಥ ಕಲ್ಲು ಇಲ್ಲ. ಜಿಡ್ಡು ದೇಹದಲ್ಲಿ ಉರಿದು ಇಂಗಾಲಾಮ್ಲವೂ ನೀರೂ ಆಗುತ್ತದೆ, ಅನ್ನ-ಸಕ್ಕರೆ ಉರಿದರೂ ಅದೇ ಆಗುತ್ತದೆ. ಉಳಿದದ್ದು ದೇಹದಲ್ಲಿ ಶೇಖರವಾಗುತ್ತದೆ, ಸಕ್ಕರೆಯಿಂದಲೂ ದೇಹ ತಾನೇ ಕೊಬ್ಬು ತಯಾರಿಸುತ್ತದೆ. ಚರ್ಮದ ಕೆಳಗಿನ ಕೊಬ್ಬನ್ನು ಸೂಜಿಯಿಂದ ತೆಗೆದು ಪರೀಕ್ಷಿಸಿದರೆ ದೇಹ ತಾನೇ ತಯಾರಿಸಲಾರದ ಕೆಲವು ಜಾತಿಯ ಕೊಬ್ಬಿನ ಸುಳಿವು ಸಿಗುತ್ತದೆ. ಕುಸುಬಿ, ಸೂರ್ಯಕಾಂತಿ ಎಣ್ಣೆಗಳಲ್ಲಿ ಹೇರಳವಾಗಿರುವ ಲಿನೊಲಿಕ್ ಆಮ್ಲ ಅಂಥದ್ದು. ಆದರೆ ಒಟ್ಟು ಎಷ್ಟು ಜಿಡ್ಡು ತಿಂದಿರಿ ಎಂದು ಆ ಸೂಜಿಯೂ ಹೇಳಲಾರದು.

ಆದ್ದರಿಂದ ಸಂಶೋಧಕರು ಬಳಸುದಾರಿ ಹಿಡಿದರು. ಡೆನ್ಮಾರ್ಕಿನಲ್ಲಿ ನಡೆಸಿ 1995ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಬೆರಿಟ್ ಹೈಟ್‌ಮನ್ ಮತ್ತು ಲಾರೆನ್ ಲಿಸ್ನರ್ ಅವರು ಜನ ಹೇಳಿದ ಪ್ರೋಟೀನನ್ನು ಮೂತ್ರದ ಲೆಕ್ಕದೊಂದಿಗೂ, ಹೇಳಿದ ಕ್ಯಾಲರಿಯನ್ನು ದೇಹದ ಖರ್ಚಿನೊಂದಿಗೂ ಹೋಲಿಸಿದರು. ಸ್ಥೂಲ ದೇಹದವರು ಕ್ಯಾಲರಿಯಲ್ಲಿ ಹೆಚ್ಚು ಕಡಿಮೆ ಹೇಳಿದ್ದರು, ಪ್ರೋಟೀನಿನಲ್ಲಿ ಅಷ್ಟು ಹೇಳಿರಲಿಲ್ಲ. ಹಾಗಾದರೆ ಬಿಟ್ಟುಹೋದದ್ದು ಯಾವುದು? ಊಟದ ತಟ್ಟೆಯ ಬೇಳೆ-ಹಾಲು ಅಲ್ಲ, ನಡುನಡುವೆ ಬಾಯಿಗೆ ಹೋಗುವ ಜಿಡ್ಡಿನ ಮತ್ತು ಸಿಹಿಯ ಪದಾರ್ಥ ಎಂದು ಅವರು ಊಹಿಸಿದರು. ಕಿರ್ದಿಯಲ್ಲಿ ದೊಡ್ಡ ರಕಮು ತಪ್ಪುವುದಿಲ್ಲ, ಚಿಲ್ಲರೆಯೇ ಸೋರುವುದು.

ಈ ಸೋರಿಕೆಗೆ ಕಾರಣಗಳು ಹಲವು. ಜಿಡ್ಡು ಅಡಗಿರುವ ವಸ್ತು, ಒಗ್ಗರಣೆಯಲ್ಲಿ ಹೋದದ್ದು ತಟ್ಟೆಯಲ್ಲಿ ಕಾಣುವುದಿಲ್ಲ. ಚಮಚ ಎಂದರೆ ಯಾವ ಚಮಚ ಎಂಬುದೇ ಸ್ಪಷ್ಟವಿಲ್ಲ: ಸಣ್ಣ ಚಮಚದಲ್ಲಿ 5 ಮಿಲಿ ಹಿಡಿದರೆ ಎಣ್ಣೆ ಡಬ್ಬಿಯ ಪಳಿ ಅದರ ಎಷ್ಟೋ ಪಟ್ಟು. ಮತ್ತೊಂದು ಕಾರಣ ಮನಸ್ಸಿನದು. ಜೇಮ್ಸ್ ಹೇಬರ್ಟ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ಜನ ಒಳ್ಳೆಯವರೆನ್ನಲಿ ಎಂಬ ಆಸೆ ಯಾರಲ್ಲಿ ಹೆಚ್ಚೋ ಅವರು ಆಹಾರವನ್ನು ಅಷ್ಟೇ ಕಡಿಮೆ ಹೇಳುತ್ತಾರೆ. ಡಾಕ್ಟರ ಮುಂದೆ ನಾನು ಮೂರು ಚಮಚ ಎಂದದ್ದು ಇದೇ ಕಾರಣಕ್ಕೆ. ಅದು ನಾನು ತಿನ್ನುತ್ತಿದ್ದ ಲೆಕ್ಕವಲ್ಲ, ತಿನ್ನಬೇಕಾಗಿದ್ದ ಲೆಕ್ಕ.

ತಪ್ಪಿದ ಲೆಕ್ಕದ ಬೆಲೆ

ಇದರಿಂದ ಏನಾದೀತು ಎಂದು ಕೇಳಬಹುದು. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ 1993ರಿಂದ 1997ರವರೆಗೆ 13,070 ಮಹಿಳೆಯರಿಂದ ಪ್ರಶ್ನಾವಳಿಯನ್ನೂ ಏಳು ದಿನದ ಡೈರಿಯನ್ನೂ ತುಂಬಿಸಿದರು. ಮುಂದೆ ಅವರಲ್ಲಿ 168 ಮಂದಿಗೆ ಸ್ತನದ ಕ್ಯಾನ್ಸರ್ ಬಂತು. ಶೀಲಾ ಬಿಂಗಮ್ ಮತ್ತು ಸಂಗಡಿಗರು 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಡೈರಿಯ ಲೆಕ್ಕ ಹಿಡಿದರೆ ಬೆಣ್ಣೆ-ತುಪ್ಪದಲ್ಲಿರುವಂಥ ಗಟ್ಟಿ ಕೊಬ್ಬಿಗೂ ಈ ರೋಗಕ್ಕೂ ಸಂಬಂಧ ಕಂಡಿತು. ಅದೇ ಮಹಿಳೆಯರ ಪ್ರಶ್ನಾವಳಿ ಹಿಡಿದರೆ ಸಂಬಂಧ ಸ್ಪಷ್ಟವಾಗಿ ಕಾಣಲಿಲ್ಲ. ಹೆಂಗಸರು ಅವರೇ, ರೋಗವೂ ಅದೇ. ಬದಲಾದದ್ದು ತಕ್ಕಡಿ ಮಾತ್ರ.

ಹಾಗೆಂದು ಆ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. ಅಮೆರಿಕದಲ್ಲಿ 48,835 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಜಿಡ್ಡು ಕಡಿಮೆ ಮಾಡಿಸಿ ಸುಮಾರು ಎಂಟು ವರ್ಷ ನೋಡಿದರು. 2006ರಲ್ಲಿ ಬಂದ ಫಲಿತಾಂಶದಲ್ಲಿ ಆ ಗುಂಪಿನಲ್ಲಿ ಕ್ಯಾನ್ಸರ್ ಸ್ವಲ್ಪ ಕಡಿಮೆ ಇತ್ತು, ಆದರೆ ಅದು ಆಕಸ್ಮಿಕವಲ್ಲ ಎಂದು ಹೇಳುವಷ್ಟು ಇರಲಿಲ್ಲ. ‘ತುಪ್ಪ ವಿಷ’ ಎಂದು ಒಂದು ವರ್ಷ, ‘ತುಪ್ಪ ಅಮೃತ’ ಎಂದು ಮರುವರ್ಷ ಪತ್ರಿಕೆಗಳಲ್ಲಿ ಓದಿ ಗಲಿಬಿಲಿಯಾಗುವವರು ಇದನ್ನು ನೆನಪಿಡಬೇಕು. ಸುದ್ದಿ ಓದಿದಾಗ ಮೊದಲು ಕೇಳಬೇಕಾದದ್ದು, ಎಷ್ಟು ತಿಂದರೆಂದು ಇವರಿಗೆ ಹೇಗೆ ಗೊತ್ತಾಯಿತು ಎಂದು.

ಕೂನೂರಿನ ಕೋಣೆಯಿಂದ

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಬುನಾದಿ ಬಿದ್ದದ್ದು ನಮ್ಮ ನೀಲಗಿರಿಯ ಓದುಗರ ನೆರೆಯಲ್ಲೇ. 1918ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಆರಂಭಿಸಿದ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು. ಯಾವ ಧಾನ್ಯದಲ್ಲಿ ಎಷ್ಟು ಸತ್ವ ಎಂಬ ಪಟ್ಟಿಗಳು ಅಲ್ಲಿಂದಲೇ ಬಂದವು. ಪ್ರಶ್ನಾವಳಿಯ ಉತ್ತರವನ್ನು ಗ್ರಾಂ ಲೆಕ್ಕಕ್ಕೆ ತಿರುಗಿಸಲು ಆ ಪಟ್ಟಿಯೇ ಬೇಕು.

ಈ ಸಂಸ್ಥೆಯ ಆಶ್ರಯದಲ್ಲಿ 1972ರಿಂದ ಹಲವು ರಾಜ್ಯಗಳಲ್ಲಿ ಆಹಾರ ಸಮೀಕ್ಷೆ ನಡೆಸಿದವರ ರೀತಿ ನಮ್ಮ ಗೃಹಿಣಿಯರಿಗೆ ಮೆಚ್ಚುಗೆಯಾದೀತು. ಅವರು ಯಜಮಾನನನ್ನು ಕೇಳುತ್ತಿರಲಿಲ್ಲ, ಅಡುಗೆ ಮಾಡಿದವರನ್ನು ಕೇಳುತ್ತಿದ್ದರು. ಜೊತೆಗೆ ಅಳತೆಯ ಬಟ್ಟಲುಗಳನ್ನು ತರುತ್ತಿದ್ದರು. ಪಾತ್ರೆಗೆ ಏನೇನು ಎಷ್ಟು ಹಾಕಿದಿರಿ, ಬೆಂದಾಗ ಒಟ್ಟು ಎಷ್ಟು ಬಟ್ಟಲಾಯಿತು, ಯಾರ ತಟ್ಟೆಗೆ ಎಷ್ಟು ಬಟ್ಟಲು ಹೋಯಿತು ಎಂದು ಕೇಳುತ್ತಿದ್ದರು. ಹತ್ತು ಬಟ್ಟಲು ಪಲ್ಯಕ್ಕೆ 60 ಗ್ರಾಂ ಎಣ್ಣೆ ಹಾಕಿದ್ದರೆ, ಎರಡು ಬಟ್ಟಲು ತಿಂದವರಿಗೆ 12 ಗ್ರಾಂ ಹೋಯಿತು. ಇಷ್ಟೇ ಸರಳ.

ಪರದೇಶದ ಪಟ್ಟಿ ನಮಗೆ ಆಗದು, ನಮ್ಮಲ್ಲೂ ಒಂದು ಸೀಮೆಯ ಪಟ್ಟಿ ಇನ್ನೊಂದಕ್ಕೆ ಆಗದು. ಹೇಬರ್ಟ್ ಅವರೇ ಮುಂಬಯಿಯ ಪ್ರಕಾಶ ಗುಪ್ತ ಮೊದಲಾದವರೊಂದಿಗೆ ಸೇರಿ ಕೇರಳಕ್ಕೊಂದು, ಗುಜರಾತಿಗೊಂದು ಬೇರೆಬೇರೆ ಪ್ರಶ್ನಾವಳಿ ತಯಾರಿಸಿ ಪರೀಕ್ಷಿಸಬೇಕಾಯಿತು. ವಯನಾಡಿನ ಜೈನ ಮನೆಯ ತೆಂಗಿನೆಣ್ಣೆಯೂ ಜತ್ತ-ಅಕ್ಕಲಕೋಟೆಯ ಜೈನ ಮನೆಯ ಶೇಂಗಾ ಹಿಂಡಿಯೂ ಒಂದೇ ಪಟ್ಟಿಯಲ್ಲಿ ಹೇಗೆ ಹಿಡಿದಾವು?

ನಮ್ಮ ಅಡುಗೆಮನೆಗೆ ಹೊಂದದ ಪಟ್ಟಿ

ನನಗೆ ಕೊಟ್ಟ ಪಟ್ಟಿಯಲ್ಲಿ ಮೊಟ್ಟೆ, ಮಾಂಸ, ಮೀನು, ಬಟಾಟೆ ಎಂದು ಸಾಲುಗಳಿದ್ದವು. ಎಲ್ಲದಕ್ಕೂ ಸೊನ್ನೆ ಹಾಕುತ್ತ ಹೋದಾಗ ಮನಸ್ಸಿಗೆ ಒಂದು ಸಮಾಧಾನ, ನಾನು ಜಿಡ್ಡನ್ನೇ ತಿನ್ನುವುದಿಲ್ಲವೆಂಬ ಭ್ರಮೆ. ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹೋಳಿಗೆಯ ಮೇಲಿನ ತುಪ್ಪ ಯಾವುದಕ್ಕೂ ಅಲ್ಲಿ ಸಾಲು ಇರಲಿಲ್ಲ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 40 ಗ್ರಾಂ ಜಿಡ್ಡೇ ಇದೆ, ಎಳ್ಳಿನಲ್ಲಿ ಅದಕ್ಕೂ ತುಸು ಹೆಚ್ಚು, ಒಣ ಕೊಬ್ಬರಿಯಲ್ಲಿ 60ಕ್ಕೂ ಮೇಲೆ. ಅರ್ಧ ಲೀಟರ್ ಎಮ್ಮೆ ಹಾಲಿನಲ್ಲಿ 32 ಗ್ರಾಂ ಇದೆ, ಅಂದರೆ ಏಳು ಸಣ್ಣ ಚಮಚ ಎಣ್ಣೆಯಷ್ಟು.

ಪಟ್ಟಿಯಲ್ಲಿ ‘ರಾತ್ರಿ ಊಟ’ ಎಂಬ ಅಂಕಣವಿತ್ತು. ನಾವು ರಾತ್ರಿ ಉಣ್ಣುವವರಲ್ಲ, ‘ಇಲ್ಲ’ ಎಂದು ಬರೆದೆ. ಸೂರ್ಯಾಸ್ತದ ಮೊದಲು ಮಾಡುವ ಪೂರ್ತಿ ಊಟ ಅಲ್ಲಿಗೆ ಲೆಕ್ಕದಿಂದಲೇ ಹೋಯಿತು! ಇನ್ನು ಕೇಳುವ ಕಾಲವೂ ಮುಖ್ಯ. ದಶಲಕ್ಷಣ ಪರ್ವದ ಏಕಾಶನದ ಮರುದಿನ ‘ನಿನ್ನೆ ಏನು ಉಂಡಿರಿ’ ಎಂದರೆ ಒಂದು ಉತ್ತರ, ಪಾರಣೆಯ ಮರುದಿನ ಕೇಳಿದರೆ ಇನ್ನೊಂದು. ಎರಡೂ ನಿಜ, ಎರಡೂ ವರ್ಷದ ಲೆಕ್ಕವಲ್ಲ. ರಸಪರಿತ್ಯಾಗವೆಂದು ಎಣ್ಣೆ ಬಿಟ್ಟ ದಿನ ಅದರ ಬದಲು ತುಪ್ಪ ಸುರಿದುಕೊಂಡವರು ನಮ್ಮಲ್ಲಿ ಇಲ್ಲವೇ ಇಲ್ಲ ಎಂದು ಹೇಳಲಾರೆ.

ಶಿಲ್ಕು ತೆಗೆಯುವ ವಿಧಾನ

ಹದಿನೈದು ದಿನದಲ್ಲಿ ನಾವು ಮನೆಯಲ್ಲಿ ಮಾಡಿದ್ದು ವ್ಯಾಪಾರಿಗಳೆಲ್ಲ ಬಲ್ಲ ಲೆಕ್ಕ. ಆರಂಭದ ಶಿಲ್ಕು, ಕೂಡಿಸು ಖರೀದಿ, ಕಳೆ ಆಖೈರು ಶಿಲ್ಕು, ಉಳಿದದ್ದು ಖರ್ಚು. ಸರಕಿಗೆ ಮಾಡುವುದನ್ನೇ ಹೊಟ್ಟೆಗೆ ಮಾಡಿದೆವು. 15 ಕಿಲೋ ಡಬ್ಬಿ ಒಡೆದ ದಿನ ಅಂಗಡಿಯ ವಹಿಯಿಂದ ಸಿಕ್ಕಿತು. ಅದು ಮುಗಿದದ್ದು 48ನೆಯ ದಿನಕ್ಕೆ. ದೇವರ ದೀಪಕ್ಕೆ, ಬಂದುಹೋದವರಿಗೆ, ಕರಿದು ಚೆಲ್ಲಿದ್ದಕ್ಕೆ ಎಂದು ಒಂದೂವರೆ ಕಿಲೋ ಕಳೆದರೆ ಉಳಿದದ್ದು 13,500 ಗ್ರಾಂ. ದಿನಕ್ಕೆ 281 ಗ್ರಾಂ. ನಾವು ಆರು ಜನ, ಆದ್ದರಿಂದ ತಲೆಗೆ ಸುಮಾರು 47 ಗ್ರಾಂ. ಅದೇ ಅವಧಿಯಲ್ಲಿ ಎರಡು ಕಿಲೋ ತುಪ್ಪ, ಅಂದರೆ ತಲೆಗೆ 7 ಗ್ರಾಂ. ಒಟ್ಟು 54 ಗ್ರಾಂ.

ನಾನು ಬರೆದ ಮೂರು ಸಣ್ಣ ಚಮಚ ಎಂದರೆ ಹದಿಮೂರುವರೆ ಗ್ರಾಂ. ನಿಜ ಅದರ ನಾಲ್ಕು ಪಟ್ಟು. ಒಂದು ಗ್ರಾಂ ಜಿಡ್ಡಿಗೆ 9 ಕ್ಯಾಲರಿಯಂತೆ ದಿನಕ್ಕೆ 360ಕ್ಕೂ ಹೆಚ್ಚು ಕ್ಯಾಲರಿ ನನ್ನ ಲೆಕ್ಕದಿಂದ ಹೊರಗಿತ್ತು. ಹೈದರಾಬಾದಿನ ಸಂಸ್ಥೆಯ ತಜ್ಞರು 2010ರಲ್ಲಿ ಕುಳಿತು ಕೆಲಸಮಾಡುವ ಗಂಡಸಿಗೆ ದಿನಕ್ಕೆ 25 ಗ್ರಾಂ, ಹೆಂಗಸಿಗೆ 20 ಗ್ರಾಂ ಕಾಣುವ ಜಿಡ್ಡು ಸಾಕೆಂದಿದ್ದರು. ಗಲ್ಲೆಯ ಮುಂದೆ ಕುಳಿತವನದು ಕುಳಿತ ಕೆಲಸವಲ್ಲದೆ ಇನ್ನೇನು? ಇದರ ಮೇಲೆ ಶೇಂಗಾ, ಎಳ್ಳು, ಹಾಲಿನಲ್ಲಿ ಅಡಗಿರುವ ಜಿಡ್ಡು ಬೇರೆ.

ಡಬ್ಬಿಯ ಲೆಕ್ಕಕ್ಕೂ ಕುಂದು ಇದೆ. ಅದು ಮನೆಯ ಒಟ್ಟು ಹೇಳುತ್ತದೆ, ಯಾರ ಪಾಲು ಎಷ್ಟೆಂದು ಹೇಳುವುದಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಸೊಸೆಗೂ, ಮೊದಲ ಪಂಕ್ತಿಯಲ್ಲಿ ಕುಳಿತು ಎರಡು ಸಲ ಹಿಂಡಿ-ಎಣ್ಣೆ ಕಲಸಿಕೊಳ್ಳುವ ನನಗೂ 54 ಗ್ರಾಂ ಎಂದೇ ಬರೆದರೆ ಅದು ಅನ್ಯಾಯದ ಲೆಕ್ಕ. ಪೇಟೆಯಲ್ಲಿ ತಿಂದ ಮಿರ್ಚಿ ಭಜಿ ಮನೆಯ ಡಬ್ಬಿಗೆ ಗೊತ್ತಿಲ್ಲ. ಆದ್ದರಿಂದ ಎರಡೂ ಬೇಕು. ಎಷ್ಟು ಎಂಬುದನ್ನು ಡಬ್ಬಿಯನ್ನು ಕೇಳಬೇಕು, ಯಾರು ಎಂಬುದನ್ನು ನಾಲಿಗೆಯನ್ನು ಕೇಳಬೇಕು. ಒಂದರಿಂದ ಇನ್ನೊಂದನ್ನು ತಾಳೆ ನೋಡಬೇಕು. ವಿಜ್ಞಾನಿಗಳು ನರ್ಸುಗಳ ಡೈರಿಯಿಂದ, ಭಾರದ ನೀರಿನಿಂದ ಮಾಡಿದ್ದೂ ಈ ತಾಳೆ ನೋಡುವ ಕೆಲಸವನ್ನೇ.

ಹೀನಾಧಿಕ ಮಾನ

ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯ ಅಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ‘ಹೀನಾಧಿಕ ಮಾನೋನ್ಮಾನ’ ಒಂದು. ಕೊಡುವಾಗ ಕಡಿಮೆ ತೂಕ, ಕೊಳ್ಳುವಾಗ ಹೆಚ್ಚು ತೂಕ ಬಳಸುವ ದೋಷ. ಅಂಗಡಿಯಲ್ಲಿ ಇದಕ್ಕೆ ಹೆದರಿ ನಡೆದ ಹಿರಿಯರ ಮಕ್ಕಳು ನಾವು. ಆದರೆ ಡಬ್ಬಿಯಿಂದ ತೆಗೆಯುವಾಗ ದೊಡ್ಡ ಪಳಿ, ಡಾಕ್ಟರಿಗೆ ಹೇಳುವಾಗ ಸಣ್ಣ ಚಮಚ ಎಂದರೆ ಇದೂ ಎರಡು ಕಲ್ಲು ಇಟ್ಟುಕೊಂಡಂತೆಯೇ ಅಲ್ಲವೆ? ಇಲ್ಲಿ ಮೋಸಹೋಗುವ ಗಿರಾಕಿ ನಾವೇ.

ಪರಿಮಾಣವೆಂಬುದು ನಮಗೆ ಹೊಸದಲ್ಲ. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28 ತುತ್ತು ಎಂದು ಎಣಿಸಿ, ಅದರಲ್ಲಿ ಒಂದಾದರೂ ತುತ್ತು ಕಡಿಮೆ ಉಣ್ಣುವುದನ್ನು ತಪಸ್ಸೆಂದು ಕರೆದ ಪರಂಪರೆ ನಮ್ಮದು. ಕಡಿಮೆ ಮಾಡಬೇಕಾದರೆ ಮೊದಲು ಎಣಿಸಬೇಕು. ಆಲೋಚನೆಯಲ್ಲಿ ನಮ್ಮ ದೋಷವನ್ನು ಗುರುಗಳ ಮುಂದೆ ಇದ್ದುದನ್ನು ಇದ್ದಂತೆ ಹೇಳುತ್ತೇವಲ್ಲ, ಡಾಕ್ಟರ ಮುಂದೆಯೂ ಅದೇ ಮನಸ್ಸಿರಲಿ.

ಓದುಗರಲ್ಲಿ ಒಂದೇ ಪ್ರಾರ್ಥನೆ. ಮುಂದಿನ ಡಬ್ಬಿ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ, ಮುಗಿದ ದಿನವನ್ನೂ ಬರೆಯಿರಿ. ತುಪ್ಪದ ಭರಣಿಗೂ ಹಾಗೇ ಮಾಡಿ. ಹೆಂಗಸರನ್ನು ದೂರುವುದಕ್ಕೆ ಈ ಲೆಕ್ಕ ಬೇಡ, ಎಣ್ಣೆ ಬೇಕೆಂದು ಕೇಳುವ ನಾಲಿಗೆಗಳು ಹೆಚ್ಚಾಗಿ ಗಂಡಸರವೇ. ದವಾಖಾನೆಗೆ ಹೋಗುವಾಗ ಅಡುಗೆ ಮಾಡುವವರನ್ನು ಜೊತೆಗೆ ಕರೆದುಕೊಂಡು ಹೋಗಿ, ಪ್ರಶ್ನಾವಳಿಯನ್ನು ಅವರ ಕೈಗೆ ಕೊಡಿ. ಗುಳಿಗೆಯನ್ನು ಮಾತ್ರ ಡಾಕ್ಟರು ಹೇಳದೆ ಬಿಡಬೇಡಿ, ಹೆಚ್ಚಿಸಲೂ ಬೇಡಿ.

ನಮ್ಮ ಲೆಕ್ಕದ ಚೀಟಿಯನ್ನು ಡಾಕ್ಟರು ಓದಿ, ಗುಳಿಗೆ ಸದ್ಯ ಇದ್ದಷ್ಟೇ ಇರಲಿ, ಮೂರು ತಿಂಗಳು ನೋಡೋಣ ಎಂದಿದ್ದಾರೆ. ರಕ್ತ ಏನು ಹೇಳುತ್ತದೋ ಮುಂದೆ ತಿಳಿಯಬೇಕು. ಸದ್ಯಕ್ಕೆ ಅಡುಗೆಮನೆಯ ಡಬ್ಬಿಯ ಮೇಲೆ ಸೊಸೆಯ ಅಕ್ಷರದಲ್ಲಿ ಒಂದು ತಾರೀಖು ಇದೆ. ಇಂದಿಗೆ 61 ದಿನ, ತಳದಲ್ಲಿ ಇನ್ನೂ ಎಣ್ಣೆ ಇದೆ.